ಆಕಾಶಬಣ್ಣದ ಎರಡು ಲಾಟು

ಸಪನಾ ಯಾರೊಂದಿಗೆ ಮಾತಾಡುವುದಿದ್ದರೂ ಎದುರಿಗೆ ಬಂದು ನಿಂತು, ಮುಖ ನೋಡಿ, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಾಳೆ. ಹೊಸಬರಿಗೆ ಇದು ಸ್ವಲ್ಪ ವಿಚಿತ್ರ ಅನಿಸುತ್ತದೆ. ಅಪ್ಪನ ದೆಸೆಯಿಂದ ಬಂದ ರೂಢಿ ಅದು. ಅವಳ ಅಪ್ಪ ಭರಮಪ್ಪ ರಬಕವಿ ಕಡೆಯವನು. ಹದಿನೆಂಟರ ಹರೆಯದಲ್ಲಿ ಮಹಾರಾಷ್ಟ್ರದ ಇಚಲಕರಂಜಿಗೆ ಬಂದು ಪವರ್‌ಲೂಮ್ ಕಾರಖಾನೆ ಸೇರಿ, ಇಪ್ಪತ್ತೆರಡು ವರ್ಷ ಮಗ್ಗಗಳ ನಡುವೆ ನಿಂತು ದುಡಿದ. ಆ ಸದ್ದು ಅವನ ಕಿವಿಯನ್ನು ದಿನಕ್ಕಿಷ್ಟಿಷ್ಟೇ ತಿಂದುಹಾಕಿತು. ಮಗಳು ತೊದಲು ಮಾತು ಕಲಿಯುವ ಹೊತ್ತಿಗೆ ಅವನು ಅರ್ಧ ಕಿವಿಯಿಂದ, ಅರ್ಧ ಕಣ್ಣಿನಿಂದ ಕೇಳುತ್ತಿದ್ದ. ತುಟಿ ಕಾಣದಿದ್ದರೆ ಮಾತೂ ಕೇಳುತ್ತಿರಲಿಲ್ಲ. ಕೊನೆಗೆ ಮಾಲೀಕರೇ ಅವನನ್ನು ಮಗ್ಗದಿಂದ ಬಿಡಿಸಿ ಫೋಲ್ಡಿಂಗ್ ಖಾತೆಗೆ ಹಾಕಿದರು. ಅಲ್ಲಿ ನೇಯ್ದು ಬಂದ ಬಟ್ಟೆಯನ್ನು ಮೇಜಿನ ಮೇಲೆ ಬಿಚ್ಚಿ, ಕುಂದು ಹುಡುಕಿ, ಅಳೆದು, ಮಡಚಿ ಕಟ್ಟುವ ಕೆಲಸ. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದ.

ಇಚಲಕರಂಜಿಯ ಜವಾಹರನಗರದ ಎರಡು ಕೋಣೆಯ ಮನೆಯಲ್ಲಿ ಸಪನಾ ಬೆಳೆದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ತಾಯಿ ಚೆನ್ನವ್ವ ಮಗ್ಗಕ್ಕೆ ಬೇಕಾದ ಕಾಂಡಿ ಎಂಬ ಸಣ್ಣ ಕೊಳವೆಗಳಿಗೆ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಬಿ.ಎಸ್ಸಿ. ಮುಗಿಸಿದ ಮೇಲೆ ಸಪನಾ ಕೊಲ್ಹಾಪುರದಲ್ಲಿ ಶಾಲನ ಮೇಡಂ ನಡೆಸುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಶಾಲನ ಮೇಡಂ ಅಕಿವಾಟದ ಜೈನ ರೈತ ಮನೆತನದವರು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಈ ಹುಡುಗಿಗಾಗಿ, ಕ್ಲಾಸು ಮುಗಿದ ಮೇಲೂ ಒಂದು ತಾಸು ಬಾಗಿಲು ತೆರೆದಿಟ್ಟು ಕೂಡುತ್ತಿದ್ದರು. ತಾವು ಬೇರೆ ಮೂಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ಅವಳಿಗಾಗಿ ಕಾಯುತ್ತಿರುವುದನ್ನು ಒಂದು ಸಲವೂ ತೋರಗೊಡಲಿಲ್ಲ. ಆ ಒಂದೊಂದು ತಾಸನ್ನು ಸಪನಾ ಇಂದಿಗೂ ನೆನೆಯುತ್ತಾಳೆ.

ಶಾಲನ ಮೇಡಂ ಹೇಳಿದ್ದರಿಂದಲೇ ಅವಳಿಗೆ ತನ್ನ ಊರಿನಲ್ಲೇ ಬಾಪೂಸಾಹೇಬರ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಬಾಪೂಸಾಹೇಬರದು ಮೂರು ತಲೆಮಾರಿನ ಬಟ್ಟೆ ವ್ಯಾಪಾರ. ನೇಯಿಸಿ, ಬಣ್ಣ ಹಾಕಿಸಿ, ಠೋಕ, ಅಂದರೆ ಸಗಟು ವ್ಯಾಪಾರಿಗಳಿಗೆ ಕೊಡುವುದು ಅವರ ಮನೆಯ ರೂಢಿ. ಲಾಕ್‌ಡೌನಿನಲ್ಲಿ ಠೋಕ ವ್ಯಾಪಾರ ನಿಂತಾಗ, ಊರೂರಿನ ಟೇಲರುಗಳಿಗೆ ಮೀಟರಿನ ಲೆಕ್ಕದಲ್ಲಿ ನೇರವಾಗಿ ಮಾರೋಣ ಎಂದು ಆನ್‌ಲೈನ್ ಅಂಗಡಿ ತೆರೆದರು. ಅದನ್ನು ಕಟ್ಟಿಕೊಟ್ಟವರು ಕಟ್ಟಿ ಹೊರಟುಹೋದರು. ಆಮೇಲೆ ಬಂದವಳು ಸಪನಾ. ಒಂದು ಮೇಜು, ಒಂದು ಕಂಪ್ಯೂಟರು, ಹಿಂದಿನ ಗೋದಾಮಿನಿಂದ ಬರುವ ಗಂಜಿ ಹಾಕಿದ ಬಟ್ಟೆಯ ವಾಸನೆ. ಆ ಅಂಗಡಿಯ ಕಂಪ್ಯೂಟರ್ ಖಾತೆಯೆಂದರೆ ಇಷ್ಟೇ.

ಆನ್‌ಲೈನ್ ಅಂಗಡಿಗಳನ್ನು ಯಾರೂ ಬುನಾದಿಯಿಂದ ಕಟ್ಟುವುದಿಲ್ಲ. ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟುಗಳಿರುತ್ತವೆ. ಅದನ್ನು ತಂದು ತಮ್ಮ ಸರಕಿಗೆ ತಕ್ಕಂತೆ ತಿದ್ದಿಕೊಳ್ಳುತ್ತಾರೆ. ಬಾಪೂಸಾಹೇಬರ ಅಂಗಡಿಯ ಚೌಕಟ್ಟಿನಲ್ಲಿ ಪಾಪ್ಲಿನ್ ಎಂಬುದು ಒಂದು ಸರಕು. ಅದರ ಕೆಳಗೆ ಬಗೆಗಳು: ಬಿಳಿ, ಆಕಾಶಬಣ್ಣ, ಕಡು ಹಸಿರು, ಪನ್ನಾ ಅಂದರೆ ಅಗಲ ಮೂವತ್ತಾರು ಇಂಚಿನದು, ನಲವತ್ತೆಂಟು ಇಂಚಿನದು. ಒಂದೊಂದು ಬಗೆಗೂ ಒಂದು ಗುರುತಿನ ಸಂಖ್ಯೆ, ಅದರೆದುರು ಗೋದಾಮಿನಲ್ಲಿ ಎಷ್ಟು ಮೀಟರ್ ಉಳಿದಿದೆ ಎಂಬ ಇನ್ನೊಂದು ಸಂಖ್ಯೆ. ಆ ಚೌಕಟ್ಟು ಅಂಗಿ, ಮೊಬೈಲು ಕವರುಗಳಂಥ ಬಿಡಿ ವಸ್ತುಗಳಿಗಾಗಿ ಹುಟ್ಟಿದ್ದು. ಅದಕ್ಕೆ ಎರಡು ಗೊತ್ತು, ಮೂರು ಗೊತ್ತು, ಎರಡೂವರೆ ಗೊತ್ತಿರಲಿಲ್ಲ. ಸಪನಾ ಮೊದಲ ತಿಂಗಳಲ್ಲೇ ಅದಕ್ಕೆ ಅರ್ಧ ಮೀಟರು, ಕಾಲು ಮೀಟರು ಕಲಿಸಿದಳು. ಬಾಪೂಸಾಹೇಬರು ಖುಷಿಯಾಗಿ ಅಂಗಡಿಯವರಿಗೆಲ್ಲ ಕಂದಿ ಪೇಡೆ ಹಂಚಿದರು. ಇನ್ನು ಎಲ್ಲ ಸರಿಹೋಯಿತು ಎಂದು ಸಪನಾ ನಂಬಿದ್ದಳು.

ಜೂನ್ ಕೊನೆಯ ವಾರ ಒಂದು ಮಧ್ಯಾಹ್ನ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ದೊಡ್ಡ ಕೈಚೀಲ ಹಿಡಿದು ಅಂಗಡಿಗೆ ಬಂದರು. ಗಡಹಿಂಗ್ಲಜದಿಂದ ಎಸ್.ಟಿ. ಬಸ್ಸು ಹಿಡಿದು, ಕಾಗಲದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಬಂದಿದ್ದರು. ಹೆಸರು ರತ್ನಮಾಲಾ. ಊರಿನ ಏಳು ಹೆಂಗಸರನ್ನು ಕೂಡಿಸಿಕೊಂಡು ಹೊಲಿಗೆ ಕೇಂದ್ರ ನಡೆಸುತ್ತಿದ್ದವರು. ಮೇ ತಿಂಗಳಲ್ಲಿ ಒಂದು ಶಾಲೆಯ ಹುಡುಗಿಯರ ಯೂನಿಫಾರ್ಮಿಗೆಂದು ತೊಂಬತ್ತು ಮೀಟರ್ ಆಕಾಶಬಣ್ಣದ ಪಾಪ್ಲಿನ್ ತರಿಸಿದ್ದರು. ಸಾಲದೆ ಬಂದು ಜೂನ್ ಮೊದಲ ವಾರ ಇನ್ನೂ ಮೂವತ್ತು ಮೀಟರ್ ತರಿಸಿದ್ದರು.

"ನೀನ ಏನ ಸಪನಾ? ಫೋನಿನ್ಯಾಗ ಮಾತಾಡಿದಾಕಿ?"

"ಹೌದ್ರಿ ಅಕ್ಕಾರ. ಕೂಡ್ರಿ, ನೀರ ತರತೇನಿ."

"ಆಮ್ಯಾಲ ಕೂಡತೇನಿ. ಮೊದಲ ನನ್ನ ಜೋಡಿ ಬಿಸಲಿಗೆ ಬಾ ತಂಗಿ."

ಅಂದು ಮಳೆ ಬಿಡುವು ಕೊಟ್ಟಿತ್ತು. ರತ್ನಮಾಲಾ ಚೀಲದಿಂದ ಎರಡು ಕುರ್ತಾ ತೆಗೆದು, ಅಂಗಡಿಯ ಮುಂದಿನ ಕಟಾಂಜನಕ್ಕೆ ಜೋಡಿಯಾಗಿ ಇಳಿಬಿಟ್ಟರು. ಎರಡೂ ಆಕಾಶಬಣ್ಣವೇ. ಆದರೆ ಒಂದು ಬೆಳಗಿನ ಆಕಾಶ, ಇನ್ನೊಂದು ಸ್ವಲ್ಪ ಮಬ್ಬು ಕವಿದದ್ದು. ಮೂರನೆಯದೊಂದನ್ನು ತೆಗೆದರು. ಅದರ ಮೈ ಒಂದು ಬಣ್ಣ, ತೋಳು ಇನ್ನೊಂದು.

"ಟ್ಯೂಬಲೈಟಿನ ಬೆಳಕಿನ್ಯಾಗ ನಮಗೂ ತಿಳೀಲಿಲ್ಲ. ಶಾಲಿ ಮೈದಾನದಾಗ ಪ್ರಾರ್ಥನಾಕ್ಕ ನಿಂತಾಗ ಎದ್ದ ಕಂಡ್ವು. ಹದಿಮೂರು ಹುಡಿಗ್ಯಾರು. ಅವ್ರನ್ನ ಹಿಂದಿನ ಸಾಲಿಗೆ ನಿಲ್ಲಿಸ್ಯಾರ. ಒಬ್ಬಾಕಿ ಮನಿಗೆ ಬಂದು ಅಂಗಿ ಬಿಚ್ಚಿ ಒಗದು, ಶಾಲಿಗೇ ಹೋಗಂಗಿಲ್ಲ ಅಂತ ಕುಂತಾಳ."

ಸಪನಾ ಒಳಗೆ ಹೋಗಿ ಎರಡೂ ಆರ್ಡರು ತೆಗೆದು ನೋಡಿದಳು. ಸರಕು ಒಂದೇ, ಬಗೆ ಒಂದೇ, ಗುರುತಿನ ಸಂಖ್ಯೆಯೂ ಒಂದೇ.

"ಕಂಪ್ಯೂಟರಿನ್ಯಾಗ ಎರಡೂ ಒಂದ ಅದಾವ್ರಿ ಅಕ್ಕಾರ" ಎಂದಳು. ಹೇಳುವಾಗಲೇ ಅವಳ ದನಿ ಸಣ್ಣದಾಗಿತ್ತು.

"ಕಂಪ್ಯೂಟರಿಗೆ ಒಂದ ಇರಬಹುದು. ಹುಡಿಗ್ಯಾರ ಮೈಮ್ಯಾಲ ಎರಡ ಅದಾವ."

ರತ್ನಮಾಲಾ ಬೈಯಲಿಲ್ಲ, ದನಿ ಏರಿಸಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು ಸಪನಾಳಿಗೆ. ನೀರು ಕುಡಿದು, ಒಂದು ಕುರ್ತಾವನ್ನೂ ಎರಡೂ ಬಟ್ಟೆಯ ಚೂರುಗಳನ್ನೂ ಅವಳ ಮೇಜಿನ ಮೇಲಿಟ್ಟು, "ಏನರ ಹಾದಿ ಮಾಡ. ನಿನ್ನ ಮ್ಯಾಲ ವಿಶ್ವಾಸ ಇಟ್ಟ ಹೋಗಾಕತ್ತೇನಿ" ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟರು. ಬಾಪೂಸಾಹೇಬರು ಅಂದು ಕೊಲ್ಹಾಪುರಕ್ಕೆ ಹೋಗಿದ್ದರು. ನಾಳೆ ಅವರಿಗೆ ಏನೆಂದು ಹೇಳುವುದು, ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಯೋಚಿಸುತ್ತ ಸಪನಾ ಬಟ್ಟೆ ಕಟ್ಟಿಕೊಂಡು ಮನೆಗೆ ನಡೆದಳು.

ಭರಮಪ್ಪ ಪಾಳಿ ಮುಗಿಸಿ ಆಗತಾನೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಇನ್ನೂ ಬೆಳಕಿತ್ತು. ಮಗಳ ಮುಖ ನೋಡಿ ಬಟ್ಟೆಗೆ ಕೈ ಚಾಚಿದ. ಎರಡೂ ಚೂರುಗಳನ್ನು ಅಂಚಿಗೆ ಅಂಚು ಹೊಂದಿಸಿ ಹಿಡಿದ. ಬೆರಳಿನಿಂದ ಉಜ್ಜಿದ, ಒಂದು ಎಳೆ ಕಿತ್ತು ನೋಡಿದ. ಅರ್ಧ ನಿಮಿಷ ಹಿಡಿಯಲಿಲ್ಲ.

"ಎರಡು ಲಾಟ ಇವು" ಎಂದ.

"ಹಂಗಂದ್ರ ಏನ ಅಪ್ಪಾ?"

"ಒಂದ ಸಲ ಕಲಸಿದ ಬಣ್ಣದಾಗ ಅದ್ದಿದ್ದೆಲ್ಲಾ ಒಂದ ಲಾಟ. ಮರುದಿನ ಅದ ಮನಶ್ಯಾ, ಅದ ಬಣ್ಣ, ಅದ ತೂಕ ಹಾಕಿ ಕಲಸಿದ್ರೂ ಒಂದ ಕೂದಲಿನಷ್ಟ ಬ್ಯಾರೆ ಬರತೈತಿ. ಅದು ಯಾರ ತಪ್ಪೂ ಅಲ್ಲ. ಎರಡನ್ನ ಕೂಡಸಬಾರದು, ಅಷ್ಟ. ಅದಕ್ಕ ಎಲ್ಲಾ ತಾಗಾಕ್ಕೂ ಲಾಟಿನ ಚೀಟಿ ಹಚ್ಚಿರ್ತಾರ."

ತಾಗಾ ಎಂದರೆ ಮಗ್ಗದಿಂದ ಇಳಿದು ಮಡಚಿ ಕಟ್ಟಿದ ಇಡೀ ಬಟ್ಟೆ. ಹುಟ್ಟಿದಾಗಿನಿಂದ ಆ ಮಾತನ್ನು ಕೇಳುತ್ತಲೇ ಬೆಳೆದವಳು ಅವಳು.

"ನಿನ್ನ ಕಂಪ್ಯೂಟರಿನ್ಯಾಗ ತಾಗಾ ಎಲ್ಲೈತಿ, ತೋರಸ" ಎಂದ ಭರಮಪ್ಪ.

ಸಪನಾ ಮೊಬೈಲು ತೆಗೆದು ಅಂಗಡಿಯ ಪುಟ ತೋರಿಸಿ, ಓದಿ ಹೇಳಿದಳು. ಆಕಾಶಬಣ್ಣ, ಪನ್ನಾ ಮೂವತ್ತಾರು, ದಾಸ್ತಾನು ಮುನ್ನೂರ ಹನ್ನೆರಡು ಮೀಟರ್. ಭರಮಪ್ಪ ಅದನ್ನು ಬಹಳ ಹೊತ್ತು ನೋಡಿದ.

"ಮುನ್ನೂರಾ ಹನ್ನೆರಡ ಮೀಟರಿನ ತಾಗಾ ನಾ ಎಲ್ಲೂ ನೋಡಿಲ್ಲವಾ" ಎಂದ.

ಸಪನಾಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಗೋದಾಮಿನಲ್ಲಿ ಇರುವುದು ನಲವತ್ತು ಮೀಟರಿನ ಒಂದು, ಹದಿನೇಳರ ಒಂದು, ಎಂಟರ ಒಂದು, ಬೇರೆ ಬೇರೆ ದಿನ ಬಣ್ಣ ಕುಡಿದ ಬೇರೆ ಬೇರೆ ತಾಗಾಗಳು. ಅವಳ ಕಂಪ್ಯೂಟರಿನಲ್ಲಿ ಅವೆಲ್ಲ ಕರಗಿ ಒಂದೇ ಸಂಖ್ಯೆಯಾಗಿದ್ದವು. ವರ್ಷಗಟ್ಟಲೆ ಕಲಿತು ತಾನು ಕಾಣದ್ದನ್ನು ಅಪ್ಪ ಕಟ್ಟೆಯ ಮೇಲೆ ಕೂತು ಕಂಡಿದ್ದ.

ಮರುದಿನ ಬಾಪೂಸಾಹೇಬರಿಗೆ ಎಲ್ಲವನ್ನೂ ಇದ್ದಹಾಗೆ ಹೇಳಿದಳು. ಅವರು ಕುರ್ತಾವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟರು.

"ಆಮಚೀ ಚೂಕ ಆಹೇ" ಎಂದರು. ತಪ್ಪು ನಮ್ಮದು. "ಈಗೇನ ಮಾಡೋಣು?"

"ವಾರದ ಸುಟ್ಟಿ ದಿನ ನಮ್ಮಪ್ಪ ಬಂದು ಗೋದಾಮ ನೋಡ್ಲೇನ್ರಿ?"

"ಫೋಲ್ಡಿಂಗದಾಂವ ಕಂಪ್ಯೂಟರಿಗೆ ಏನ ಹೇಳ್ತಾನವಾ?"

"ಕಂಪ್ಯೂಟರಿಗೆ ಅಲ್ರಿ, ನನಗ ಹೇಳ್ತಾನ."

ಬಾಪೂಸಾಹೇಬರು ಅವಳನ್ನೇ ನೋಡಿದರು. ಆಮೇಲೆ ಹೂಂ ಅಂದರು.

ವಾರದ ರಜೆಯ ದಿನ ಭರಮಪ್ಪ ಒಗೆದ ಅಂಗಿ ತೊಟ್ಟು ಬಂದ. ಗೋದಾಮಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ. ಆಕಾಶಬಣ್ಣದ ಕಪಾಟಿನಿಂದ ಒಂದೊಂದೇ ತಾಗಾ ಇಳಿಸಿ, ಬಾಗಿಲ ಬಳಿಯ ಬಿಸಿಲಿಗೆ ತಂದು, ಒಂದು ಮಡಿಕೆ ಬಿಚ್ಚಿ ನೋಡಿ ಮೂರು ಗುಂಪು ಮಾಡಿದ. ಚೀಟಿಗಳು ಅರ್ಧಕ್ಕರ್ಧ ಇರಲೇ ಇಲ್ಲ. ಪ್ಯಾಕಿಂಗಿನ ಅಲ್ಲಪ್ಪನನ್ನು ಕೇಳಿದರೆ ಅವನು, "ಮೊದಲ ಬರಕೋತಿದ್ವಿ. ಕಂಪ್ಯೂಟರ ಬಂದಮ್ಯಾಲ ಲಾಟ ನಂಬರ ಯಾರೂ ಕೇಳಲಿಲ್ಲ. ನಾವೂ ಕಿತ್ತ ಒಗಿಯಾಕ ಹತ್ತಿದ್ವಿ" ಅಂದ. ಸಪನಾಳಿಗೆ ಆ ಮಾತು ಮನಸ್ಸಿಗೆ ನಾಟಿತು. ಚೌಕಟ್ಟಿನಲ್ಲಿ ಜಾಗವಿಲ್ಲದ ಸಂಗತಿ ಮೆಲ್ಲಗೆ ಗೋದಾಮಿನಿಂದಲೂ ಅಳಿಸಿಹೋಗಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ, ಕೆಳಗಿನ ಸಾಲಿನ ಹಿಂಬದಿಯಿಂದ ಭರಮಪ್ಪ ಒಂದು ತಾಗಾ ಎಳೆದು ತಂದು ರತ್ನಮಾಲಾ ಕೊಟ್ಟ ಚೂರಿಗೆ ಹಿಡಿದ. ಮೇ ತಿಂಗಳ ಲಾಟು. ಅಳೆದರೆ ಮೂವತ್ತನಾಲ್ಕು ಮೀಟರ್, ಎಲ್ಲೂ ಕತ್ತರಿ ತಾಗಿರಲಿಲ್ಲ.

"ಇದ ನೋಡ್ರಿ ಆಕಿಂದು" ಎಂದ ಭರಮಪ್ಪ. ಬಾಪೂಸಾಹೇಬರು ಮುಟ್ಟಿ ನೋಡಿ, "ಭರಮಪ್ಪಾರ, ಭಾಳ ಉಪಕಾರ ಆತು" ಎಂದರು. ಬೆಳಿಗ್ಗೆ ಅವರು ಬರೀ ಭರಮಪ್ಪ ಎಂದು ಕರೆದಿದ್ದರು. ಅಪ್ಪನಿಗೆ ಆ ವ್ಯತ್ಯಾಸ ಕೇಳಿಸಿತೋ ಇಲ್ಲವೋ, ಸಪನಾಳಿಗೆ ಕೇಳಿಸಿತು.

ಅದನ್ನು ಪಾರ್ಸಲಿಗೆ ಹಾಕುವುದು ಬೇಡ, ನೀವೇ ಕೊಟ್ಟು ಬನ್ನಿ ಎಂದರು ಬಾಪೂಸಾಹೇಬರು. ಮರುದಿನ ಭರಮಪ್ಪ ರಜೆ ಹಾಕಿ ಮಗಳೊಂದಿಗೆ ಹೊರಟ. ಗಡಹಿಂಗ್ಲಜದ ಹೊಲಿಗೆ ಕೇಂದ್ರ ಒಂದು ಉದ್ದನೆಯ ಕೋಣೆ. ಎಂಟು ಮಷಿನ್ನು, ಗೋಡೆಗೆ ಅಳತೆಯ ಪಟ್ಟಿ. ರತ್ನಮಾಲಾ ತಾಗಾ ಬಿಚ್ಚಿಸಿ ಅಂಗಳದ ಬೆಳಕಿನಲ್ಲಿ ತಾಳೆ ನೋಡಿದರು. ಆಮೇಲೆ ಒಳಗೆ ಹೋಗಿ ಕುಡಿಯಲು ಮಜ್ಜಿಗೆ ತಂದರು. ಭರಮಪ್ಪನ ಕಿವಿಯ ಸಂಗತಿ ತಿಳಿದ ಮೇಲೆ ಎದುರಿಗೆ ಕೂತು ನಿಧಾನವಾಗಿ ಮಾತಾಡಿದರು.

"ಅಣ್ಣಾರ, ನಾನೂ ಸುಮ್ಮನ ಕುಂತಿದ್ದಿಲ್ಲ. ಮಬ್ಬ ಬಣ್ಣದ್ದ ಹದಿಮೂರೂ ತಿರುಗಿ ತಗೊಂಡೇನಿ. ಅವು ಒಂದಕ್ಕೊಂದು ಹೊಂದತಾವ. ಇನ್ನೊಂದ ಊರಿನ ಬಾಲವಾಡಿಗೆ ಸಣ್ಣ ಅಂಗಿ ಹೊಲದ ಕೊಡತೇನಿ."

ಸಪನಾ ನೋಟ್‌ಬುಕ್ ತೆಗೆದು ಕೇಳಿದಳು. ನಿಮಗೆ ಬಟ್ಟೆ ಬೇಕಾದಾಗ ಒಂದೇ ತುಂಡು ಬೇಕೋ, ಎರಡಾದರೂ ನಡೆಯುತ್ತದೋ. ಇದನ್ನು ಅವಳು ಯಾವ ಗಿರಾಕಿಯನ್ನೂ ಇದುವರೆಗೆ ಕೇಳಿರಲಿಲ್ಲ.

"ತುಂಡ ಎಷ್ಟರ ಇರಲಿ ತಂಗಿ, ಒಂದೊಂದು ಎರಡೂಕಾಲು ಮೀಟರಿನ ಲೆಕ್ಕಕ್ಕ ಇದ್ರ ನನಗ ಒಂದ ಕುರ್ತಾ ಬರತೈತಿ. ಎರಡ ಮೀಟರಿಗೇ ಕಡಿದ್ರ ಕೆಟ್ಟಹಂಗ. ಲಾಟ ಮಾತ್ರ ಒಂದ ಇರಬೇಕು."

ಹಿಂದಿರುಗುವ ಬಸ್ಸಿನಲ್ಲಿ ಅವಳು ಬರೆಯುತ್ತಲೇ ಇದ್ದಳು. ಪಕ್ಕದಲ್ಲಿ ಭರಮಪ್ಪ ಕಬ್ಬಿನ ಗದ್ದೆಗಳನ್ನು ನೋಡುತ್ತ, ನಡುನಡುವೆ ಅವಳ ಕೈ ಮುಟ್ಟಿ ಒಂದೊಂದು ಮಾತು ಸೇರಿಸುತ್ತಿದ್ದ. ಕತ್ತರಿಸುವಾಗ ಒಂದು ಅಂಗೈ ಅಗಲ ಹೆಚ್ಚಿಗೆ ಬಿಡಬೇಕು. ಎಳೆ ತಪ್ಪಿದ ಜಾಗ ಎಷ್ಟನೆಯ ಮೀಟರಿನಲ್ಲಿದೆ ಎಂದು ಗುರುತು ಹಾಕಬೇಕು. "ಕುಂದ ಇದ್ರ ಹೇಳಿ ಮಾರಬೇಕು. ಮುಚ್ಚಿ ಮಾರಿದ್ದು ತಿರುಗಿ ಬರತೈತಿ."

ತಿದ್ದುವ ಕೆಲಸ ಎರಡು ತಿಂಗಳು ಹಿಡಿಯಿತು. ಮೊದಲು ಅವಳು ಅವಸರದಲ್ಲಿ ಚೌಕಟ್ಟಿನ ಮೂಲ ಕಡತಗಳನ್ನೇ ತಿದ್ದಿಬಿಟ್ಟಳು. ಮೂರನೆಯ ವಾರ ಚೌಕಟ್ಟಿನ ಹೊಸ ಆವೃತ್ತಿ ಬಂತು. ಹಾಕಿಕೊಂಡ ಕೂಡಲೇ ಅವಳು ಬರೆದದ್ದೆಲ್ಲ ಒರೆಸಿದಂತೆ ಹೋಯಿತು. ಸಪನಾ ಶಾಲನ ಮೇಡಂಗೆ ಫೋನು ಹಚ್ಚಿ, ಹೊಸ ಆವೃತ್ತಿ ಹಾಕಿದ ಕೂಡಲೇ ಎಲ್ಲ ಹೋಯಿತೆಂದು ಹೇಳಿದಳು.

"ಮೂಲಕ್ಕ ಕೈ ಹಚ್ಚಿದ್ದಿ ಹೌದಿಲ್ಲೊ?" ಎಂದರು ಶಾಲನ ಮೇಡಂ. "ನಾನೂ ಮೊದಲ ಸಲ ಹಂಗ ಮಾಡೇನಿ. ಅವ್ರ ಬರದದ್ದು ಹಂಗ ಇರಲಿ. ನಿಂದು ಬ್ಯಾರೆ ಕಡತದಾಗ ಬರಿ. ಅವ್ರ ಮಾದರೀನ್ನ ಆಧಾರ ಹಿಡದು, ನಿನಗ ಬೇಕಾದ್ದಷ್ಟ ಮ್ಯಾಲ ಕೂಡಸ. ಭಾನುವಾರ ಬಾ, ಕೂಡಿ ನೋಡೋಣ."

ಎರಡು ಭಾನುವಾರ ಅವರು ಬಾಗಿಲು ತೆರೆದುಕೊಂಡು ಅವಳೊಂದಿಗೆ ಕೂತರು. ಅಳಿಸಿಹೋದದ್ದನ್ನು ಎರಡನೆಯ ಸಲ ಬರೆದಾಗ ಅದು ಮೊದಲಿನದಕ್ಕಿಂತ ಚೊಕ್ಕವಾಗಿತ್ತು. ಈಗ ಸರಕಿನ ಕೆಳಗೆ ಬಗೆ, ಬಗೆಯ ಕೆಳಗೆ ತಾಗಾ. ಒಂದೊಂದು ತಾಗಾಕ್ಕೂ ಲಾಟಿನ ಸಂಖ್ಯೆ, ಉಳಿದ ಉದ್ದ, ಕುಂದಿನ ಗುರುತು. ಹನ್ನೆರಡು ಮೀಟರ್ ಬೇಕೆಂದರೆ ಕಂಪ್ಯೂಟರು ಎಂಟನ್ನೂ ನಾಲ್ಕನ್ನೂ ಕೂಡಿಸಿ ಇದೆ ಎಂದು ಹೇಳುವುದಿಲ್ಲ. ಹನ್ನೆರಡು ಮೀಟರ್ ಉದ್ದದ ಒಂದೇ ತಾಗಾ ಹುಡುಕುತ್ತದೆ. ಇಲ್ಲದಿದ್ದರೆ ತುಂಡುಗಳು ನಡೆಯುತ್ತವೆಯೇ, ಒಂದು ತುಂಡು ಎಷ್ಟಕ್ಕೆ ಕಡಿಮೆ ಇರಬಾರದು ಎಂದು ಗಿರಾಕಿಯನ್ನೇ ಕೇಳುತ್ತದೆ. ಹಳೆಯ ಗಿರಾಕಿ ಮತ್ತೆ ಬಂದರೆ, ನೀವು ಹಿಂದೆ ಒಯ್ದ ಲಾಟಿನಲ್ಲಿ ಇನ್ನು ಇಷ್ಟು ಉಳಿದಿದೆ ಎಂದು ತೋರಿಸುತ್ತದೆ. ಒಂದು ಆರ್ಡರಿನಲ್ಲಿ ಎರಡು ಲಾಟು ಬೆರೆಯಗೊಡುವುದಿಲ್ಲ.

ಗೋದಾಮಿನ ಆರುನೂರು ತಾಗಾಗಳನ್ನು ನೋಡಿ ಬರೆಸಲು ಭರಮಪ್ಪನೇ ಬೇಕಾಯಿತು. ಸುಟ್ಟಿಯ ದಿನಗಳು ಸಾಲದಾದಾಗ, ಬಾಪೂಸಾಹೇಬರು ಅವನ ಮಾಲೀಕರ ಹತ್ತಿರ ತಾವೇ ಹೋಗಿ ಮಾತಾಡಿ ಅವನನ್ನು ತಮ್ಮಲ್ಲಿಗೆ ಕರೆದುಕೊಂಡರು. ಮಗ್ಗದ ಸದ್ದು ಬಡಿಯದ ಜಾಗ, ಕಿಟಕಿಯ ಪಕ್ಕದ ಮೇಜು. ಮೊದಲ ವಾರ ಭರಮಪ್ಪನಿಗೆ ಆ ಶಾಂತಿಯೇ ಒಗ್ಗಲಿಲ್ಲ. ಆಮೇಲೆ ಒಂದು ದಿನ ಊಟದ ಹೊತ್ತಿಗೆ, ಹಿಂದಿನ ಗಿಡದಲ್ಲಿ ಯಾವುದೋ ಹಕ್ಕಿ ಕೂಗುತ್ತದೆ ಎಂದು ಮಗಳಿಗೆ ಹೇಳಿದ. ಸಪನಾ ಕಿವಿಗೊಟ್ಟಳು. ನಿಜವಾಗಿ ಕೂಗುತ್ತಿತ್ತು.

ರತ್ನಮಾಲಾ ಮತ್ತೆ ಆರ್ಡರು ಕೊಟ್ಟರು, ನೇಸರಿಯ ಇನ್ನೊಂದು ಶಾಲೆಗೆ. ಬಟ್ಟೆ ತಲುಪಿದ ದಿನ ಅವರು ಹೊಸ ಅಂಗಿ ತೊಟ್ಟು ಸಾಲಾಗಿ ನಿಂತ ಹುಡುಗಿಯರ ಫೋಟೋ ಕಳಿಸಿದರು. ಬಿಸಿಲಿನಲ್ಲಿ ಆ ಸಾಲು ಈ ತುದಿಯಿಂದ ಆ ತುದಿಗೆ ಒಂದೇ ಬಣ್ಣ. ಸಪನಾ ಅದನ್ನು ಮೊದಲು ಶಾಲನ ಮೇಡಂಗೆ ಕಳಿಸಿದಳು.

ಪಾರ್ಸಲಿನೊಂದಿಗೆ ಹೋಗುವ ಚೀಟಿಯಲ್ಲಿ ಲಾಟು, ಉದ್ದ, ಕುಂದು ಬರೆದು ಕೆಳಗೆ ತಪಾಸು ಮಾಡಿದವರ ಹೆಸರು ಹಾಕಬೇಕೆಂದು ಸಪನಾ ಮನಸ್ಸು ಮಾಡಿದ್ದಳು. ಬಾಪೂಸಾಹೇಬರು ಒಪ್ಪಿದರು. ಆದರೆ ಭರಮಪ್ಪನಿಗೆ ಓದಲು ಬರುವುದು ಕನ್ನಡ ಒಂದೇ, ಪ್ರಿಂಟರಿಗೆ ಕನ್ನಡ ಸರಿಯಾಗಿ ಬರದು. ಅದು ಅವನ ಹೆಸರಿನ ಒತ್ತಕ್ಷರವನ್ನು ಒಡೆದು, ಕೊನೆಯ ಅಕ್ಷರವನ್ನು ಎರಡು ತುಂಡು ಮಾಡಿ ಹೊರಗೆ ಹಾಕುತ್ತಿತ್ತು. ಮೂರು ದಿನ ಹೆಣಗಿ ಅವಳು ಅದನ್ನೂ ಸರಿಮಾಡಿದಳು.

ಮೊದಲ ಸರಿಯಾದ ಚೀಟಿಯನ್ನು ಭರಮಪ್ಪ ಎರಡೂ ಕೈಯಲ್ಲಿ ಹಿಡಿದು ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಅಂದು ಸಂಜೆ ಅಂಥದ್ದೇ ಒಂದು ಚೀಟಿಯನ್ನು ಕೇಳಿ ಪಡೆದು, ಅಂಗಿಯ ಕಿಸೆಯಲ್ಲಿ ಮಡಚದೆ ಇಟ್ಟುಕೊಂಡು ಮನೆಗೆ ಬಂದ. ಚೆನ್ನವ್ವ ಭಾಕರಿ ಬಡಿಯುತ್ತಿದ್ದಳು. ಅವಳಿಗೆ ಓದು ಬರದು.

"ಏನ ಬರದೈತಿ ಅದರಾಗ?" ಎಂದಳು, ಅವನತ್ತ ಮುಖ ತಿರುಗಿಸಿ.

"ನನ್ನ ಹೆಸರ."

"ಯಾಕ ಬರದಾರ?"

ಭರಮಪ್ಪ ಮಗಳ ಕಡೆ ನೋಡಿದ. "ನಿನ್ನ ಮಗಳ್ನ ಕೇಳ. ನಾ ನೋಡಿದ ಬಟ್ಟಿ ಅಂತ ಬರದಾಳ" ಎಂದ.

ಚೆನ್ನವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಚೀಟಿ ತೆಗೆದುಕೊಂಡಳು. ತಲೆಕೆಳಗಾಗಿ ಹಿಡಿದಿದ್ದಳು. ಸಪನಾ ಎದ್ದು ಹೋಗಿ, ಅದನ್ನು ನೆಟ್ಟಗೆ ತಿರುಗಿಸಿ, ಅಪ್ಪನ ಹೆಸರಿನ ಮೇಲೆ ಅವ್ವನ ಬೆರಳನ್ನು ಇಟ್ಟಳು.